ಜೌಗು ಕಟ್ಟಿದರೆ ಹೊಲದ ನೀರಿನ ಭಾರಲೋಹ ಹೋಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಕಾರ್ಖಾನೆಗಳ ನೀರನ್ನೂ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೂ ಹೊತ್ತ ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬಂದು ಬೀಳುತ್ತದೆ. ಅಲ್ಲಿನ ಅಚ್ಚುಕಟ್ಟಿನಲ್ಲಿ ಮೇವಿನ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್, ತೆಂಗು ಬೆಳೆಯುವುದು ಆ ನೀರಿನಲ್ಲೇ. ಇನ್ನೊಂದು ದಿಕ್ಕಿನಲ್ಲಿ, 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಲಾಗುತ್ತದೆ, ಮೂರನೇ ಹಂತವೂ ಬೇಕು ಎಂಬ ಬೇಡಿಕೆ ಮೊದಲಿಂದಲೂ ಇದೆ. ಇಂಥ ಕಡೆಗಳಲ್ಲೆಲ್ಲ, ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಭಾರಲೋಹ ತೆಗೆಯಲು "ಜೊಂಡು ನೆಟ್ಟು ಜೌಗು ಮಾಡಿದರೆ ಸಾಕಂತೆ, ಹೌದಾ?" ಎಂಬ ಮಾತು ಬರುತ್ತದೆ. ಉತ್ತರ ಅರ್ಧ ಹೌದು. ಉಳಿದರ್ಧ ಕೆಳಗಿದೆ.

ಕೃತಕ ಜೌಗು ಎಂದರೆ ಏನು? ಕೆರೆಗೂ ಅದಕ್ಕೂ ಏನು ವ್ಯತ್ಯಾಸ?

ನೀರು ಎಲ್ಲಿಂದ ಒಳಬರಬೇಕು, ಎಷ್ಟು ದಿನ ನಿಲ್ಲಬೇಕು, ಎಲ್ಲಿಂದ ಹೊರಹೋಗಬೇಕು ಎಂದು ಮೊದಲೇ ಲೆಕ್ಕ ಹಾಕಿ ಕಟ್ಟಿದ ತೇವದ ತೊಟ್ಟಿ ಇದು. ತಳದಿಂದ ನೀರು ಇಂಗದಂತೆ ಜೇಡಿಮಣ್ಣು ಅಥವಾ ಕೃಷಿ ಹೊಂಡಕ್ಕೆ ಹಾಸುವಂಥ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಣ್ಣು ಇಲ್ಲವೇ ಜಲ್ಲಿ, ಅದರಲ್ಲಿ ಬೇರೂರುವ ಜೊಂಡಿನಂಥ ಗಿಡ. ಜರ್ಮನಿಯಲ್ಲಿ ಕೇಟೆ ಸೈಡೆಲ್ 1950ರ ದಶಕದಲ್ಲಿ ಈ ದಾರಿಯ ಮೊದಲ ಪ್ರಯೋಗಗಳನ್ನು ಮಾಡಿದರು.

ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದರಲ್ಲಿ ನೀರು ಗದ್ದೆಯಲ್ಲಿರುವಂತೆ ಮೇಲೆಯೇ ಕಾಣುತ್ತದೆ. ಇನ್ನೊಂದರಲ್ಲಿ ಜಲ್ಲಿಯ ಒಳಗೇ ಹರಿಯುತ್ತದೆ, ಮೇಲೆ ನಡೆದರೆ ಕಾಲು ಒದ್ದೆಯಾಗುವುದಿಲ್ಲ. ಕೆರೆಯಲ್ಲಾದರೆ ನೀರು ಹತ್ತಿರದ ದಾರಿ ಹಿಡಿದು ತೂಬಿಗೆ ಹೋಗಿಬಿಡುತ್ತದೆ. ಜೌಗಿನಲ್ಲಿ ಹಾಗೆ ನುಸುಳಿಕೊಳ್ಳದಂತೆ ಅಡ್ಡ ಬದು ಹಾಕಿ ಸುತ್ತಿಸಬೇಕು.

ನನ್ನ ನೀರಿನಲ್ಲಿ ಭಾರಲೋಹ ಇದೆಯೆಂದು ತಿಳಿಯುವುದು ಹೇಗೆ? ಮಣ್ಣಿನ ಆರೋಗ್ಯ ಕಾರ್ಡ್ ಮಾಡಿಸಿದ್ದೇನೆ.

ಆ ಕಾರ್ಡ್ ನೋಡುವುದು 12 ಅಂಶಗಳನ್ನು. ಅದರಲ್ಲಿ ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಇವೆ ನಿಜ, ಆದರೆ ಅವು ಬೆಳೆಗೆ ಕಡಿಮೆಯಾಗಿವೆಯೇ ಎಂದು ನೋಡಲು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಅದರಲ್ಲಿ ಇಲ್ಲವೇ ಇಲ್ಲ. "ಕಾರ್ಡಿನಲ್ಲಿ ಎಲ್ಲ ಸರಿಯಿದೆ" ಎಂದು ನೆಮ್ಮದಿಯಾಗಿರುವವರು ಬಹಳ ಮಂದಿ.

ನೀರನ್ನು ಬೇರೆಯಾಗಿ ಪರೀಕ್ಷಿಸಬೇಕು. ಪ್ರಯೋಗಾಲಯಕ್ಕೆ ಹೋಗಿ "ಭಾರಲೋಹ ನೋಡಿ" ಎಂದರೆ ಸಾಲದು, ಯಾವ ಯಾವ ಲೋಹ ಎಂದು ಬರೆದುಕೊಡಿ. ಬಾಟಲಿಯನ್ನು ಅವರಿಂದಲೇ ತೆಗೆದುಕೊಳ್ಳಿ. ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳದಂತೆ ಅದಕ್ಕೆ ಸ್ವಲ್ಪ ನೈಟ್ರಿಕ್ ಆಮ್ಲ ಸೇರಿಸಬೇಕಾಗುತ್ತದೆ. ಬೇಸಿಗೆಯಲ್ಲೊಮ್ಮೆ, ಮೊದಲ ಮಳೆ ಬಿದ್ದಾಗೊಮ್ಮೆ ತೆಗೆಯಿರಿ. ಕಾರ್ಖಾನೆ ನೀರು ಸೇರುವ ಹಳ್ಳವಾದರೆ ಹಗಲಿಗಿಂತ ರಾತ್ರಿಯ ನೀರು ಹೆಚ್ಚು ಕತೆ ಹೇಳುತ್ತದೆ. ಯಾಕೆಂದು ಹಳ್ಳದ ದಂಡೆಯವರಿಗೆ ಹೇಳಬೇಕಿಲ್ಲ.

ಎಷ್ಟಿದ್ದರೆ ಅಪಾಯ?

ನೀರಾವರಿ ನೀರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪ್ರಕಟಿಸಿದ ಮಿತಿಗಳು ಈಗಲೂ ಬಳಕೆಯಲ್ಲಿವೆ. ಲೀಟರಿಗೆ ಕ್ಯಾಡ್ಮಿಯಂ 0.01, ಕ್ರೋಮಿಯಂ 0.1, ನಿಕ್ಕಲ್ 0.2, ತಾಮ್ರ 0.2, ಸತು 2, ಸೀಸ 5 ಮಿಲಿಗ್ರಾಂ.

ಸೀಸದ 5 ನೋಡಿ ಸಮಾಧಾನ ಪಡಬೇಡಿ. ಅದು ಮುಖ್ಯವಾಗಿ ಬೆಳೆಯ ಬೆಳವಣಿಗೆ ನಿಲ್ಲದಿರಲು ಇಟ್ಟ ಮಿತಿ, ತಿನ್ನುವವರ ಆರೋಗ್ಯಕ್ಕೆ ಇಟ್ಟದ್ದಲ್ಲ. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಸೀಸಕ್ಕೆ 0.01 ಮಿಲಿಗ್ರಾಂ ಮಿತಿ, ಅಂದರೆ 500 ಪಟ್ಟು ಬಿಗಿ. ಜೊತೆಗೆ ನೀರಿನಲ್ಲಿ ಮಿತಿಯೊಳಗಿದ್ದ ಲೋಹವೂ 20 ವರ್ಷ ಹಾಯಿಸಿದರೆ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಹಾಗಾಗಿ ಹಳೆಯ ಕೊಳಚೆ ನೀರಾವರಿಯ ಜಮೀನಾದರೆ ನೀರಿನ ಜೊತೆ ಮಣ್ಣನ್ನೂ ಸೊಪ್ಪನ್ನೂ ಪರೀಕ್ಷಿಸಿ.

ಗಿಡ ಲೋಹವನ್ನು ಹೀರಿಕೊಳ್ಳುತ್ತದೆ, ನಾವು ಗಿಡ ಕತ್ತರಿಸಿದರೆ ಲೋಹ ಹೊರಹೋಗುತ್ತದೆ. ಇಷ್ಟೇ ತಾನೆ?

ಇಷ್ಟು ಸರಳವಾಗಿದ್ದರೆ ಈ ಪುಟವೇ ಬೇಡವಾಗಿತ್ತು. ಜೌಗಿನಲ್ಲಿ ನಿಲ್ಲುವ ಲೋಹದಲ್ಲಿ ಗಿಡದೊಳಗೆ ಸೇರುವುದು ಸಾಮಾನ್ಯವಾಗಿ ಸಣ್ಣ ಪಾಲು. ಅದರಲ್ಲೂ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ, ನೀವು ಕತ್ತರಿಸುವ ಎಲೆಗೆ ಏರುವುದು ಇನ್ನೂ ಕಡಿಮೆ. ನಿಜವಾದ ಕೆಲಸ ನಡೆಯುವುದು ಕೆಸರಿನಲ್ಲಿ.

ಮೊದಲನೆಯದು ತೀರಾ ಸಾದಾ ಸಂಗತಿ. ನೀರಿನ ವೇಗ ತಗ್ಗಿದಾಗ ಮಣ್ಣಿನ ಕಣ ತಳಕ್ಕೆ ಕೂರುತ್ತದೆ, ಕಣಕ್ಕೆ ಅಂಟಿದ ಲೋಹವೂ ಜೊತೆಗೇ ಕೂರುತ್ತದೆ. ಸೀಸ ಹೆಚ್ಚಾಗಿ ಹೋಗುವುದು ಹೀಗೆ.

ಎರಡನೆಯದು ಗಾಳಿಯಾಡದ ಕಪ್ಪು ಕೆಸರಿನ ಕೆಲಸ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಲ್ಫೇಟ್ ಬಳಸಿ ಬದುಕುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಆ ಸಲ್ಫೈಡ್ ತಾಮ್ರ, ಸತು, ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಜೊತೆ ಸೇರಿ ನೀರಿನಲ್ಲಿ ಕರಗದ ಪುಡಿಯಾಗುತ್ತದೆ. ಈ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಕೊಳೆಯುವ ಎಲೆ, ಕಾಂಡ ಬೇಕು. ಗಿಡದ ದೊಡ್ಡ ಉಪಕಾರ ಇಲ್ಲಿದೆ: ಅದು ಲೋಹ ತಿನ್ನುವುದಕ್ಕಿಂತ ಹೆಚ್ಚಾಗಿ ಲೋಹ ಹಿಡಿಯುವವರಿಗೆ ಊಟ ಹಾಕುತ್ತದೆ.

ಮೂರನೆಯದು ಬೇರಿನ ಸುತ್ತ. ಜೊಂಡು ತನ್ನ ಟೊಳ್ಳು ಕಾಂಡದ ಮೂಲಕ ಬೇರಿಗೆ ಗಾಳಿ ಇಳಿಸುತ್ತದೆ. ಬೇರಿನ ಮೇಲೆ ಕಬ್ಬಿಣದ ತುಕ್ಕಿನ ಕೆಂಪು ಪದರ ಕಟ್ಟುತ್ತದೆ, ಆ ತುಕ್ಕಿಗೆ ಇತರ ಲೋಹಗಳು ಹಿಡಿದುಕೊಳ್ಳುತ್ತವೆ.

ಕ್ರೋಮಿಯಂ ದಾರಿ ಬೇರೆ. ಲೋಹದ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಬರುವ ವಿಷಕಾರಿ ರೂಪವು ಗಾಳಿಯಿಲ್ಲದ ಕೆಸರಿನಲ್ಲಿ ಕಡಿಮೆ ವಿಷದ, ಕಡಿಮೆ ಕರಗುವ ರೂಪಕ್ಕೆ ಇಳಿದು ತಳದಲ್ಲಿ ಕೂರುತ್ತದೆ.

ಎಲ್ಲ ಲೋಹವೂ ಒಂದೇ ರೀತಿ ಹೋಗುತ್ತವೆಯೇ?

ಇಲ್ಲ. ಸೀಸ, ತಾಮ್ರ, ಸತು, ಕಬ್ಬಿಣ ಚೆನ್ನಾಗಿ ನಿಲ್ಲುತ್ತವೆ. ನಿಕ್ಕಲ್ ಮತ್ತು ಮ್ಯಾಂಗನೀಸ್ ಹಟಮಾರಿಗಳು. ಆರ್ಸೆನಿಕ್ ಇನ್ನೂ ವಿಚಿತ್ರ. ಗಾಳಿಯಿರುವ ಕಡೆ ಕಬ್ಬಿಣದ ತುಕ್ಕಿಗೆ ಅಂಟಿಕೊಳ್ಳುತ್ತದೆ, ಗಾಳಿ ಹೋದ ಕೂಡಲೇ ಆ ತುಕ್ಕು ಕರಗಿ ಮತ್ತೆ ನೀರಿಗೆ ಬರಬಹುದು. ಇನ್ನು ಉಪ್ಪು, ಸೋಡಿಯಂ, ಬೋರಾನ್ ಬಗ್ಗೆ ಜೌಗಿನಿಂದ ಏನೂ ನಿರೀಕ್ಷಿಸಬೇಡಿ. ನೀರು ಆವಿಯಾಗುವುದರಿಂದ ಹೊರಬರುವ ನೀರು ಒಳಹೋದ ನೀರಿಗಿಂತ ಉಪ್ಪಾಗಿರುವುದೇ ಹೆಚ್ಚು.

ನಮ್ಮ ದೇಶದಲ್ಲಿ ಎಲ್ಲಾದರೂ ಕೃಷಿಗಾಗಿ ಮಾಡಿದ್ದಾರೆಯೇ?

ದೆಹಲಿಯ ಪೂಸಾ ಆವರಣದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಇದೆ. 2012ರಿಂದ ನಡೆಯುತ್ತಿರುವ ಈ ಜೌಗಿಗೆ ಸುಮಾರು 1.42 ಹೆಕ್ಟೇರ್ ಜಾಗ, ದಿನಕ್ಕೆ 22 ಲಕ್ಷ ಲೀಟರ್ ಕೊಳಚೆ ಶುದ್ಧೀಕರಿಸುವ ಸಾಮರ್ಥ್ಯ. ಮುಖ್ಯ ಗಿಡ ಜೊಂಡು. ಹೊರಬರುವ ನೀರು ಸಂಸ್ಥೆಯ ಹೊಲಗಳಿಗೇ ಹೋಗುತ್ತದೆ. ಸೀಸದಲ್ಲಿ ಶೇ 80ರ ಆಸುಪಾಸು, ಕಬ್ಬಿಣದಲ್ಲಿ ಬಹುತೇಕ ಪೂರ್ತಿ ಇಳಿಕೆಯಾಗುತ್ತದೆ ಎಂಬುದು ಸಂಸ್ಥೆ ಕೊಟ್ಟ ಲೆಕ್ಕ. ಆದರೆ ಅಲ್ಲಿಗೆ ಬರುವುದು ಬಹುಪಾಲು ವಸತಿ ಪ್ರದೇಶದ ಕೊಳಚೆ. ಅದನ್ನು ಕಾರ್ಖಾನೆ ನೀರು ಸೇರಿದ ಹಳ್ಳಕ್ಕೆ ನೇರವಾಗಿ ಹೋಲಿಸುವುದು ತಪ್ಪಾಗುತ್ತದೆ.

ನನಗಿರುವುದು ಒಂದು ಎಕರೆ. ಜೌಗಿಗೆ ಎಷ್ಟು ಜಾಗ ಬಿಡಬೇಕು?

ಲೆಕ್ಕ ಹಾಕೋಣ. ಬೆಳೆಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು ಎಂದಿಟ್ಟುಕೊಂಡರೆ ಒಂದು ಎಕರೆಗೆ ದಿನಕ್ಕೆ ಸುಮಾರು 20,000 ಲೀಟರ್, ಅಂದರೆ 20 ಘನ ಮೀಟರ್. ಲೋಹ ಚೆನ್ನಾಗಿ ನಿಲ್ಲಬೇಕಾದರೆ ನೀರು ಜೌಗಿನಲ್ಲಿ 5 ದಿನವಾದರೂ ಇರಲಿ. ಹಾಗಾದರೆ ಯಾವ ಹೊತ್ತಿನಲ್ಲೂ ಒಳಗೆ 100 ಘನ ಮೀಟರ್ ನೀರಿರಬೇಕು.

ಜಲ್ಲಿ ತುಂಬಿದ ತೊಟ್ಟಿಯಾದರೆ ಕಲ್ಲಿನ ಸಂದುಗಳಲ್ಲಿ ನೀರಿಗೆ ಸಿಗುವ ಜಾಗ ಶೇ 40ರಷ್ಟು. 100 ಘನ ಮೀಟರ್ ನೀರಿಗೆ 250 ಘನ ಮೀಟರ್ ಜಲ್ಲಿ ಬೇಕು. 60 ಸೆಂಟಿಮೀಟರ್ ಆಳವಿಟ್ಟರೆ ಸುಮಾರು 415 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 4 ಗುಂಟೆ. ತೆರೆದ ನೀರಿನ ಬಗೆಯಲ್ಲಿ 30 ಸೆಂಟಿಮೀಟರ್ ಆಳ ನಿಲ್ಲಿಸಿ, ಗಿಡದ ಕಾಂಡಗಳು ಹಿಡಿಯುವ ಜಾಗ ಕಳೆದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. 40 ಗುಂಟೆಯಲ್ಲಿ 4 ಗುಂಟೆ, ಹತ್ತರಲ್ಲೊಂದು ಪಾಲು.

ಖರ್ಚಿನಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. 250 ಘನ ಮೀಟರ್ ಜಲ್ಲಿ ಎಂದರೆ ಟಿಪ್ಪರುಗಳ ಸಾಲೇ ಬರಬೇಕು. ಒಬ್ಬ ರೈತ ತನ್ನ ಕೈಯಿಂದ ಮಾಡುವುದಾದರೆ ತೆರೆದ ಬಗೆಯೇ ಕೈಗೆಟುಕುವಂಥದ್ದು. ಯಾವ ಬಗೆಯಾದರೂ ನೀರು ಒಳಬರುವ ಕಡೆ ಮೊದಲು ಒಂದು ಹೂಳು ಗುಂಡಿ ಇರಲೇಬೇಕು. ಅದಿಲ್ಲದೆ ಜಲ್ಲಿ ತೊಟ್ಟಿ ಕಟ್ಟಿದರೆ ಕೆಲವೇ ವರ್ಷಗಳಲ್ಲಿ ಸಂದುಗಳೆಲ್ಲ ಕಟ್ಟಿಕೊಂಡು ನೀರು ಮೇಲೇ ಹರಿಯತೊಡಗುತ್ತದೆ. ಆವಿಯನ್ನೂ ಲೆಕ್ಕದಲ್ಲಿಡಿ. ಬೇಸಿಗೆಯಲ್ಲಿ ಈ 4 ಗುಂಟೆ ದಿನಕ್ಕೆ 2,000 ಲೀಟರ್‌ಗಿಂತ ಹೆಚ್ಚು ಕುಡಿಯುತ್ತದೆ.

ಒಂದು ಎಕರೆಯವನು 4 ಗುಂಟೆ ಬಿಡಬೇಕು ಎನ್ನುವುದು ಕಾಗದದ ಮೇಲೆ ಸುಲಭ. ನನ್ನ ಅಭಿಪ್ರಾಯದಲ್ಲಿ ಇದು ಒಬ್ಬೊಬ್ಬ ರೈತನ ಮೇಲೆ ಹೊರಿಸುವ ಕೆಲಸವಲ್ಲ. ಯಾರದೋ ಪ್ಲೇಟಿಂಗ್ ಘಟಕದ ನಿಕ್ಕಲ್ ಇಟ್ಟುಕೊಳ್ಳಲು ಈತ ಯಾಕೆ ಜಮೀನು ಕೊಡಬೇಕು? ಕಾಲುವೆಯ ತಲೆಯಲ್ಲಿ, ಸರ್ಕಾರಿ ಜಾಗದಲ್ಲಿ, ಇಡೀ ಅಚ್ಚುಕಟ್ಟಿಗೆ ಒಂದು ಮಾಡುವುದೇ ಸರಿ.

ಯಾವ ಗಿಡ ನೆಡಬೇಕು?

ಜೊಂಡು ಮೊದಲ ಆಯ್ಕೆ. ಕೊಳಚೆ ತಡೆಯುತ್ತದೆ, ಎಲ್ಲ ಕಡೆ ಸಿಗುತ್ತದೆ. ಜಲ್ಲಿ ತೊಟ್ಟಿಗೆ ಲಾವಂಚ ಚೆನ್ನ, ಬೇರು ಆಳಕ್ಕೆ ಇಳಿಯುತ್ತದೆ. ಕಾಬಾಳೆ ಅಂದಕ್ಕೂ ಆಯಿತು, ಕೆಲಸಕ್ಕೂ ಆಯಿತು. ಅಂತರಗಂಗೆಯಂಥ ತೇಲುವ ಕಳೆ ಲೋಹ ಹೀರುವುದರಲ್ಲಿ ಗಟ್ಟಿಗ, ಆದರೆ ಕಾಲುವೆಗೆ ನುಗ್ಗಿದರೆ ಇಡೀ ಊರಿಗೆ ತಲೆನೋವು. ಕೆಸು ಬೇಡ. ಬೆಳೆಯುವುದಿಲ್ಲ ಅಂತಲ್ಲ, ಸೊಗಸಾಗಿ ಬೆಳೆಯುತ್ತದೆ. ಆಮೇಲೆ ಯಾರೋ ಎಲೆ ಕೊಯ್ದು ಪತ್ರೊಡೆ ಮಾಡುತ್ತಾರೆ.

ಕತ್ತರಿಸಿದ ಹುಲ್ಲನ್ನು ದನಕ್ಕೆ ಹಾಕಬಹುದೇ? ಅಲ್ಲೇ ಬೆಳೆದ ಹೊನಗೊನ್ನೆ ಸೊಪ್ಪು?

ಬೇಡ, ಎರಡೂ ಬೇಡ. ಎಲೆಗೆ ಏರುವ ಪಾಲು ಕಡಿಮೆ ಎಂದೆ, ಇಲ್ಲವೆಂದಿಲ್ಲ. ದನದ ಮೂತ್ರಪಿಂಡ ಮತ್ತು ಯಕೃತ್ತಿನಲ್ಲಿ ಕ್ಯಾಡ್ಮಿಯಂ ವರ್ಷಗಟ್ಟಲೆ ಕೂಡುತ್ತದೆ. ಸೊಪ್ಪಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಬೆಂಗಳೂರು ಸುತ್ತಲಿನ ಕೊಳಚೆ ಕೆರೆಗಳ ಅಂಚಿನಿಂದ ಹೊನಗೊನ್ನೆ, ಅದರ ಹತ್ತಿರದ ಸಂಬಂಧಿ ಕಳೆಗಳು ಕೊಯ್ಲಾಗಿ ಮಾರುಕಟ್ಟೆಗೂ ಕೊಟ್ಟಿಗೆಗೂ ಹೋಗುತ್ತವೆ. ಜೌಗು ಮಾಡಿದರೆ ಸುತ್ತ ಬೇಲಿ ಹಾಕಿ, ಕನ್ನಡದಲ್ಲಿ ಒಂದು ಫಲಕ ನೆಡಿ.

ಜೊಂಡಿನಿಂದ ಚಾಪೆ, ಬುಟ್ಟಿ ಮಾಡಬಹುದು. ಗೊಬ್ಬರ ಮಾಡುವ ಮೊದಲು ಪರೀಕ್ಷೆಯಾಗಲಿ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಂತೆ ನಗರ ಕಾಂಪೋಸ್ಟಿನ ಕಿಲೋಗೆ ನಿಕ್ಕಲ್ 50, ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಮನೆ ಬಳಕೆಗೂ ಅದೇ ಅಳತೆ ಇಟ್ಟುಕೊಳ್ಳಿ.

ಹಿಡಿದಿಟ್ಟ ಲೋಹ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡುತ್ತವೆ, ಸೀಸವನ್ನು ಯಾರೂ ತಿಂದು ಮುಗಿಸಲಾರರು. ಜೌಗು ಮಾಡುವುದು ಇಷ್ಟೇ: 40 ಗುಂಟೆಗೆ ಹರಡುತ್ತಿದ್ದ ಲೋಹವನ್ನು 4 ಗುಂಟೆಯಲ್ಲಿ ಒಟ್ಟು ಮಾಡುವುದು. ಅದೇ ಅದರ ಗುಣ, ಅದೇ ಅದರ ದೋಷ. ಯೋಜನಾ ವರದಿಗಳಲ್ಲಿ ಈ ಪ್ರಶ್ನೆಗೆ ಒಂದು ಸಾಲೂ ಇಲ್ಲದಿದ್ದರೆ ಆ ಯೋಜನೆಗೆ ಒಪ್ಪಿಗೆ ಕೊಡಬೇಡಿ.

ಮತ್ತೆ ಒಂದಿಷ್ಟು ಲೆಕ್ಕ. ಲೀಟರಿಗೆ 0.1 ಮಿಲಿಗ್ರಾಂ ನಿಕ್ಕಲ್ ಇರುವ ನೀರು (ಮಿತಿಯ ಅರ್ಧ!) ದಿನಕ್ಕೆ 20,000 ಲೀಟರ್ ಬಂದರೆ ವರ್ಷಕ್ಕೆ 730 ಗ್ರಾಂ ನಿಕ್ಕಲ್ ಬರುತ್ತದೆ. ಅದರ ಶೇ 80 ನಿಂತು, 4 ಗುಂಟೆಯ ಮೇಲ್ಪದರದ 10 ಸೆಂಟಿಮೀಟರ್ ಕೆಸರಿನಲ್ಲಿ ಹರಡಿತು ಎಂದುಕೊಳ್ಳಿ. ಕೆಸರಿನ ಪ್ರತಿ ಕಿಲೋಗೆ ವರ್ಷಕ್ಕೆ 12 ಮಿಲಿಗ್ರಾಂ ಏರುತ್ತದೆ. ಐದನೇ ವರ್ಷಕ್ಕೆ ಮೇಲೆ ಹೇಳಿದ ಕಾಂಪೋಸ್ಟ್ ಮಿತಿ ದಾಟಿತು. ನಿಜದಲ್ಲಿ ಸಮನಾಗಿ ಹರಡುವುದಿಲ್ಲ, ನೀರು ಒಳಬರುವ ಬಾಯಲ್ಲೇ ಹೆಚ್ಚು ಕೂರುತ್ತದೆ. ಇದು ಒಳ್ಳೆಯದೇ, ಹೂಳು ಗುಂಡಿಯನ್ನೂ ಮೊದಲ ತೊಟ್ಟಿಯನ್ನೂ ಮಾತ್ರ ಆಗಾಗ ಬಳಿದರೆ ಸಾಕಾಗುತ್ತದೆ.

ಬಳಿದ ಹೂಳನ್ನು ಕೆರೆ ಗೋಡಿನಂತೆ ಹೊಲಕ್ಕೆ ಹೊಡೆಯುವಂತಿಲ್ಲ. ನಮ್ಮಲ್ಲಿ ಗೋಡು ಹೊಡೆಯುವುದು ಹಳೆಯ ಒಳ್ಳೆಯ ರೂಢಿ, ಅದಕ್ಕೇ ಇಲ್ಲಿ ಅಪಾಯ ಹೆಚ್ಚು. ಪರೀಕ್ಷೆಯಲ್ಲಿ ಲೋಹ ಹೆಚ್ಚಿದ್ದರೆ ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರಬಹುದು. ಆಗ ದಾಬಸ್‌ಪೇಟೆಯಲ್ಲಿರುವಂಥ ವಿಲೇವಾರಿ ಘಟಕಕ್ಕೆ ಕಳಿಸಬೇಕಾಗುತ್ತದೆ. ಸಾಗಿಸುವ ಖರ್ಚು ಯಾರದು ಎಂಬುದು ಮೊದಲ ದಿನವೇ ಬರವಣಿಗೆಯಲ್ಲಿರಲಿ.

ಬೇಸಿಗೆಯಲ್ಲಿ ನೀರಿಲ್ಲ. ಜೌಗು ಒಣಗಿದರೆ ಏನಾದೀತು?

ಒಣಗಲು ಬಿಡಬೇಡಿ. ಕಪ್ಪು ಕೆಸರಿಗೆ ಗಾಳಿ ತಾಗಿದರೆ ಸಲ್ಫೈಡ್ ಮತ್ತೆ ಸಲ್ಫೇಟ್ ಆಗುತ್ತದೆ, ಆಮ್ಲ ಹುಟ್ಟುತ್ತದೆ, ಕಟ್ಟಿಹಾಕಿದ್ದ ಲೋಹ ಬಿಡುಗಡೆಯಾಗುತ್ತದೆ. ಮೊದಲ ಮಳೆಗೆ ಅದೆಲ್ಲ ಒಮ್ಮೆಲೇ ಹೊರಗೆ. ಮೊಣಕಾಲುದ್ದ ನೀರಿಲ್ಲದಿದ್ದರೂ ಪರವಾಗಿಲ್ಲ, ಕೆಸರು ಮುಳುಗಿರಲಿ. ಮಳೆಗಾಲದ ಸಮಸ್ಯೆ ಇದಕ್ಕೆ ಉಲ್ಟಾ: ಹಳ್ಳ ಉಕ್ಕಿ ಬಂದರೆ ಕೆಸರು ಕೊಚ್ಚಿಹೋಗುತ್ತದೆ. ಅದಕ್ಕೆ ಪಕ್ಕದಲ್ಲೊಂದು ಕೋಡಿ ಬಿಟ್ಟು ಹೆಚ್ಚಿನ ನೀರು ಸುತ್ತಿ ಹೋಗುವಂತೆ ಮಾಡಬೇಕು.

ನಮ್ಮ ಕೆರೆಯ ಬಾಯಲ್ಲಿ ತಾನಾಗೇ ಜೊಂಡು ಬೆಳೆದಿದೆ. ಅದೇ ಸಾಲದೇ?

ಸ್ವಲ್ಪ ಕೆಲಸ ಮಾಡುತ್ತದೆ, ಕಿತ್ತು ಹಾಕಬೇಡಿ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಇದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ. ಅಲ್ಲಿ ಕಲಿಯಬೇಕಾದದ್ದು ಅನುಕ್ರಮ: ಮೊದಲು ಘಟಕ, ಆಮೇಲೆ ಜೌಗು, ಕೊನೆಗೆ ಕೆರೆ. ಹಸಿ ಕೊಳಚೆಯನ್ನು ನೇರವಾಗಿ ಜೊಂಡಿಗೆ ಬಿಟ್ಟರೆ ಜೌಗು ಉಸಿರುಗಟ್ಟುತ್ತದೆ. ಮತ್ತೆ, ಜಕ್ಕೂರಿನಲ್ಲಿ ಮುಖ್ಯ ಚಿಂತೆ ಸಾರಜನಕ, ರಂಜಕ. ಲೋಹಕ್ಕೆ ಅದೇ ಉದಾಹರಣೆ ತೋರಿಸುವವರನ್ನು ನಂಬುವ ಮೊದಲು ಲೋಹದ ಅಂಕಿಗಳನ್ನು ಕೇಳಿ.

ಹಕ್ಕಿಗಳು ಬರುತ್ತವೆ, ಪರಿಸರಕ್ಕೂ ಒಳ್ಳೆಯದಲ್ಲವೇ?

ಯಾವಾಗಲೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾನ್ ಹೊಆಕಿನ್ ಕಣಿವೆಯ ಹೊಲಗಳಿಂದ ಬಸಿದ ನೀರನ್ನು ಕಾಲುವೆಯಲ್ಲಿ ತಂದು ಕೆಸ್ಟರ್ಸನ್ ಎಂಬಲ್ಲಿನ ಕೊಳಗಳಿಗೆ ಬಿಡುತ್ತಿದ್ದರು. ಅದು ವನ್ಯಜೀವಿ ತಾಣವೂ ಆಗಿತ್ತು. ಆ ಮಣ್ಣಿನಲ್ಲಿ ಸಹಜವಾಗಿದ್ದ ಸೆಲೆನಿಯಂ ನೀರಾವರಿಯಿಂದ ಕರಗಿ ಬಂದು ಕೊಳಗಳಲ್ಲಿ ಕೂಡಿತು, ಪಾಚಿಯಿಂದ ಹುಳಕ್ಕೆ, ಹುಳದಿಂದ ಹಕ್ಕಿಗೆ ಏರಿತು. 1983ರಲ್ಲಿ ಕಣ್ಣಿಲ್ಲದ, ಕೊಕ್ಕು ತಿರುಚಿದ ಮರಿಗಳು ಸಿಕ್ಕವು. 1986ರಲ್ಲಿ ಕಾಲುವೆ ಮುಚ್ಚಬೇಕಾಯಿತು. ಸೆಲೆನಿಯಂ ಪೂರ್ತಿ ಲೋಹವಲ್ಲ, ಆದರೆ ಪಾಠ ಒಂದೇ. ನಮ್ಮಲ್ಲಿ ಹಕ್ಕಿಯ ಜೊತೆ ಮೀನಿನ ಪ್ರಶ್ನೆಯೂ ಇದೆ. ಲೋಹದ ಜೌಗಿನಲ್ಲಿ ಮೀನು ಹಿಡಿಯುವ ಗುತ್ತಿಗೆ ಕೊಡಬಾರದು. ನೀರು ಜಲ್ಲಿಯೊಳಗೇ ಹರಿಯುವ ಬಗೆಯ ದೊಡ್ಡ ಲಾಭ ಇದು, ಹಕ್ಕಿಗೂ ಮೀನಿಗೂ ಅಲ್ಲಿ ಜಾಗವೇ ಇಲ್ಲ.

ಸೊಳ್ಳೆ?

ತೆರೆದ ಬಗೆಯಲ್ಲಿ ಬರುತ್ತದೆ, ನೀರು ನಿಂತಲ್ಲೇ ನಿಲ್ಲದೆ ಸರಿಯುತ್ತಿದ್ದರೆ ಕಡಿಮೆ. ಜಲ್ಲಿ ತೊಟ್ಟಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ನಮ್ಮದು ಮಲೆನಾಡು, ಕಾರ್ಖಾನೆ ಇಲ್ಲ. ನಮಗೂ ಇದು ಬೇಕೇ?

ಅಡಕೆಯ ಕೊಳೆರೋಗಕ್ಕೆ ವರ್ಷ ವರ್ಷ ಬೋರ್ಡೋ ಹೊಡೆಯುವವರು ನೀವು. ಅದರಲ್ಲಿರುವ ಮೈಲುತುತ್ತು ಎಂದರೆ ತಾಮ್ರವೇ. ಮರದಿಂದ ತೊಳೆದು ಬಂದದ್ದು ತೋಟದ ಮಣ್ಣಿನ ಮೇಲ್ಪದರದಲ್ಲಿ ಉಳಿಯುತ್ತದೆ, ಜಡಿಮಳೆಯಲ್ಲಿ ಸ್ವಲ್ಪ ಮಣ್ಣಿನ ಜೊತೆ ಬಸಿಗಾಲುವೆಗೆ ಇಳಿಯುತ್ತದೆ. ಕೆಳಗೆ ಗದ್ದೆಯೋ ಮೀನಿನ ಹೊಂಡವೋ ಇದ್ದರೆ ಬಸಿಗಾಲುವೆಯ ತುದಿಯಲ್ಲಿ ಒಂದು ಹೂಳು ಗುಂಡಿ, ಅದರ ಮುಂದೆ ಲಾವಂಚದ ನಾಲ್ಕು ಸಾಲು ಇದ್ದರೆ ಒಳ್ಳೆಯದು. ದೊಡ್ಡ ಜೌಗೇನೂ ಬೇಡ.

ಯಾದಗಿರಿ ಕಡೆ ಕೊಳವೆಬಾವಿಯಲ್ಲಿ ಆರ್ಸೆನಿಕ್ ಇದೆಯಲ್ಲ, ಅದಕ್ಕೂ ಇದೇ ಪರಿಹಾರವೇ?

ಅಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಂಥ ಕಡೆ ಪ್ರಶ್ನೆ ಕುಡಿಯುವ ನೀರಿನದು. ಅಲ್ಲಿ ಬೇಕಾದದ್ದು ಬೇರೆ ಮೂಲದ ನೀರು. ಜೌಗಿನಿಂದ ಬಂದ ನೀರನ್ನು ಯಾವ ಊರಿನಲ್ಲೂ ಕುಡಿಯಬಾರದು.

ಜೌಗಿಗೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಈ ನೀರು ಬಿಟ್ಟರೆ ಬೇರೆ ನೀರಿಲ್ಲ. ಏನು ಮಾಡಲಿ?

ಬೆಳೆ ಬದಲಿಸಿ. ಎಲ್ಲಕ್ಕಿಂತ ಹೆಚ್ಚು ಕ್ಯಾಡ್ಮಿಯಂ ಹಿಡಿಯುವುದು ಪಾಲಕ್‌ನಂಥ ಸೊಪ್ಪು, ಆಮೇಲೆ ಮೂಲಂಗಿ, ಕ್ಯಾರೆಟ್‌ನಂಥ ಗೆಡ್ಡೆ. ಕಾಯಿ, ಕಾಳುಗಳಿಗೆ ಏರುವುದು ಅದಕ್ಕಿಂತ ಕಡಿಮೆ. ಹೂವು, ನರ್ಸರಿ ಗಿಡ, ಮರಮಟ್ಟು ಇನ್ನೂ ನಿರಾಳ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿ, ಪಿಎಚ್ 6.5ರ ಮೇಲಿದ್ದರೆ ಕ್ಯಾಡ್ಮಿಯಂ, ನಿಕ್ಕಲ್, ಸತು ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಲೋಹವಿಲ್ಲದ ಕೊಟ್ಟಿಗೆ ಗೊಬ್ಬರವೂ ಲೋಹವನ್ನು ಹಿಡಿದಿಡುತ್ತದೆ. ಭತ್ತದಲ್ಲಿ ಗದ್ದೆಯಲ್ಲಿ ನೀರು ನಿಂತಿದ್ದರೆ ಅಕ್ಕಿಗೆ ಕ್ಯಾಡ್ಮಿಯಂ ಕಡಿಮೆ, ಆರ್ಸೆನಿಕ್ ಹೆಚ್ಚು. ಒಣಗಿಸಿದರೆ ತಿರುಗುಮುರುಗು. ನಿಮ್ಮ ನೀರಿನಲ್ಲಿ ಯಾವುದಿದೆ ಎಂದು ಗೊತ್ತಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುವ ಮಾತು.

ಜೊತೆಗೆ ನೀರಿನ ಪರೀಕ್ಷಾ ವರದಿ ಇಟ್ಟುಕೊಂಡು ನಾಲ್ಕು ಜನ ಸೇರಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ಕಾರ್ಖಾನೆಯ ಕೊಳೆನೀರನ್ನು ಶುದ್ಧೀಕರಿಸದೆ ಹಳ್ಳಕ್ಕೆ ಬಿಡುವುದು 1974ರ ಜಲ ಕಾಯ್ದೆಯಡಿ ನಿಷಿದ್ಧ. ದೂರಿನಲ್ಲಿ ಜಾಗ, ದಿನ, ಹೊತ್ತು, ನೀರಿನ ಬಣ್ಣ ಬರೆಯಿರಿ, ಸ್ವೀಕೃತಿ ಪಡೆಯಿರಿ. ಬರೀ "ನೀರು ಕೆಟ್ಟಿದೆ" ಎಂದು ಬರೆದ ಅರ್ಜಿಗೆ "ಪರಿಶೀಲಿಸಲಾಗುವುದು" ಎಂಬ ಉತ್ತರವಷ್ಟೇ ಬರುತ್ತದೆ.